ಕಟ್ಟೆಯ ಮೇಲೆ ಕಾಣದವರು

ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯಕ್ಕೆ ಬಂದದ್ದು 1954ರಲ್ಲಿ. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರಿನಲ್ಲಿ ಓದಿದ ಹೆಣ್ಣುಮಗಳು. ಮಂಡ್ಯದ ಸುತ್ತಿನ ಎರಡು ಊರುಗಳಲ್ಲಿದ್ದು ಅಧ್ಯಯನ ಮಾಡಿ 1962ರಲ್ಲಿ ಪುಸ್ತಕ ಪ್ರಕಟಿಸಿದರು. ಊರುಗಳ ನಿಜ ಹೆಸರು ಮರೆಸಿ ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ದಲೇನ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ನೀರು ಬಂದ ಊರಲ್ಲಿ ಕಬ್ಬು ಬೆಳೆಯಿತು, ಕೈಯಲ್ಲಿ ಕಾಸು ಆಡಿತು, ಆದರೆ ಯಾರು ಯಜಮಾನ, ಯಾರು ಆಳು, ಯಾರ ಮಾತು ನಡೆಯಬೇಕು ಎಂಬುದು ಹೆಚ್ಚುಕಮ್ಮಿ ಹಾಗೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯದಲ್ಲಿ ಕೆಲಸ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ವ್ಯಾಪಾರಕ್ಕಿಳಿದರು, ಬೇರೆ ಊರುಗಳಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ.

ಈ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ. ನಮ್ಮದೂ ನಾಲೆ ಕೆಳಗಿನ ಊರು. ಎದ್ದರೆ ಕಬ್ಬಿನ ಗದ್ದೆ, ಬೇಸಿಗೆಯಲ್ಲಿ ಆಲೆಮನೆಯ ಹೊಗೆ. ಓದುತ್ತ ಓದುತ್ತ ನನಗೆ ನಮ್ಮ ಮನೆಯೇ ಕಾಣತೊಡಗಿತು. ಒಂದೇ ಸೂರಿನ ಕೆಳಗೆ ವಂಗಲವೂ ಇತ್ತು, ದಲೇನವೂ ಇತ್ತು. ಅಣ್ಣನಿಗೆ ಗದ್ದೆ ಬರುವುದಿತ್ತು, ಆದ್ದರಿಂದ ಅವನು ಊರಲ್ಲೇ ಬೇರು ಬಿಡಬೇಕಿತ್ತು. ನನಗೆ, ನನ್ನ ತಂಗಿಗೆ ಅಲ್ಲಿ ಬರುವುದೇನೂ ಇರಲಿಲ್ಲ, ಹಾಗಾಗಿ ನಾವು ಹೊರಗೆ ನೋಡಬೇಕಿತ್ತು. ಯುವಜನರನ್ನು ಅರಿಯಬೇಕೆಂದರೆ ಮೊದಲು ಅವರಿಗೆ ಎಲ್ಲಿ ಜಾಗವಿದೆ, ಎಲ್ಲಿ ಇಲ್ಲ ಎಂದು ನೋಡಬೇಕು ಎಂಬುದು ಆಗ ಮನಸ್ಸಿಗೆ ಬಂದ ಮಾತು. ಮುಂದೆ ನಾನು ಮಾಡಿದ ಕೆಲಸವೆಲ್ಲ ಅದನ್ನೇ ಹಿಡಿದು ಹೊರಟದ್ದು.

ಆಗ ಯುವಜನರ ಸಮಾಜಶಾಸ್ತ್ರ ಎಂದರೆ ಹುಡುಗರ ಸಮಾಜಶಾಸ್ತ್ರ. ವಿಲಿಯಂ ಫುಟ್ ವೈಟ್ 1943ರಲ್ಲಿ ಬರೆದ ‘ಸ್ಟ್ರೀಟ್ ಕಾರ್ನರ್ ಸೊಸೈಟಿ’ ನಮಗೆಲ್ಲ ಮಾದರಿ: ಬಾಸ್ಟನ್ನಿನ ಇಟಾಲಿಯನ್ ಬಡಾವಣೆಯಲ್ಲಿ ಬೀದಿಮೂಲೆಗೆ ಬಂದು ಸೇರುವ ಹುಡುಗರ ಬದುಕು. ಬಹಳ ವರ್ಷಗಳ ಮೇಲೆ, 2010ರಲ್ಲಿ, ಕ್ರೇಗ್ ಜೆಫ್ರಿ ಮೀರತ್ತಿನ ಓದಿದ ನಿರುದ್ಯೋಗಿಗಳ ಮೇಲೆ ‘ಟೈಂಪಾಸ್’ ಬರೆದಾಗಲೂ ಕಣ್ಣಿಗೆ ಬೀಳುವವರು ಮುಖ್ಯವಾಗಿ ಟೀ ಅಂಗಡಿಯ ಮುಂದೆ ನಿಂತ ಗಂಡುಹುಡುಗರೇ. ಎರಡೂ ಒಳ್ಳೆಯ ಪುಸ್ತಕಗಳು, ನಾನು ಪಾಠ ಮಾಡಿದವು. ಆದರೆ ಬೀದಿಯಲ್ಲಿ ನಿಂತವರನ್ನು ಮಾತ್ರ ನೋಡಿದರೆ ಬೀದಿಯಲ್ಲಿ ನಿಲ್ಲಬಲ್ಲವರಷ್ಟೇ ಕಾಣುತ್ತಾರೆ. ನಮ್ಮೂರ ಹುಡುಗರಿಗೆ ಅರಳಿಕಟ್ಟೆ ಇತ್ತು, ಹಾಲಿನ ಡೇರಿಯ ಮುಂದಿನ ಜಗಲಿ ಇತ್ತು, ಸೆಲೂನಿನ ಬೆಂಚು, ನಾಲೆ ಏರಿ, ಕಬಡ್ಡಿ ಆಡುವ ಬಯಲು ಇದ್ದವು. ಅದೇ ಕಟ್ಟೆಯ ಹತ್ತಿರ ಹುಡುಗಿಯೊಬ್ಬಳು ಕಾರಣವಿಲ್ಲದೆ ಹತ್ತು ನಿಮಿಷ ನಿಂತರೆ ‘ಯಾಕವ್ವ, ಯಾರ್ಗ್ ಕಾಯ್ತಿದ್ದೀಯೆ?’ ಎಂದು ಮೂರು ಮನೆಯವರು ಕೇಳುತ್ತಿದ್ದರು.

ಇಂಗ್ಲೆಂಡಿನಲ್ಲಿ ಈ ಕೊರತೆಯನ್ನು ಎತ್ತಿ ಹೇಳಿದವರು ಏಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್. 1976ರ ಲೇಖನವೊಂದರಲ್ಲಿ, ಬರ್ಮಿಂಗ್‌ಹ್ಯಾಮ್‌ನ ತಮ್ಮ ಗೆಳೆಯರು ಬೀದಿಯ ಹುಡುಗರ ಬಗ್ಗೆ ಅಷ್ಟೆಲ್ಲ ಬರೆಯುತ್ತಿರುವಾಗ ಹುಡುಗಿಯರು ಎಲ್ಲಿ ಹೋದರು ಎಂದು ಕೇಳಿದರು. ಹುಡುಗಿಯರ ಹರೆಯ ಅವರ ಮಲಗುವ ಕೋಣೆಯಲ್ಲಿದೆ, ಗೋಡೆಗೆ ಅಂಟಿಸಿದ ಗಾಯಕರ ಚಿತ್ರದಲ್ಲಿದೆ, ಗೆಳತಿಯರ ಜೊತೆ ಕೇಳುವ ಹಾಡಿನಲ್ಲಿದೆ ಎಂಬುದು ಅವರ ಉತ್ತರ. ಓದಿದಾಗ ಮೈ ಜುಮ್ಮೆಂದಿತು, ಜೊತೆಗೇ ಒಂದು ತೊಡಕೂ ಎದುರಾಯಿತು. ನಮ್ಮ ಕಡೆ ಹುಡುಗಿಗೆ ತನ್ನದೇ ಕೋಣೆ ಎಲ್ಲಿದೆ? ನಡುಮನೆಯಲ್ಲಿ ಅಜ್ಜಿಯ ಪಕ್ಕ ಚಾಪೆ ಹಾಸಿ ಮಲಗುವವಳು ಅವಳು. ಅವಳ ಬಟ್ಟೆ ಇರುವುದು ಎಲ್ಲರ ಬಟ್ಟೆ ಇರುವ ಗೂಟದ ಮೇಲೆ. ಬೀದಿಯೂ ಇಲ್ಲ, ಕೋಣೆಯೂ ಇಲ್ಲ. ಹಾಗಾದರೆ ಮಂಡ್ಯ ಸೀಮೆಯ ಹುಡುಗಿ ತನ್ನ ಹರೆಯವನ್ನು ಎಲ್ಲಿ ಕಳೆಯುತ್ತಾಳೆ?

ನನಗೆ ಉತ್ತರ ಗೊತ್ತಿತ್ತು, ಏಕೆಂದರೆ ನಾನು ಅದರಲ್ಲೇ ಕಾಲೇಜಿಗೆ ಹೋಗಿ ಬಂದವಳು. ಬಸ್ಸಿನಲ್ಲಿ.

ಸಂಶೋಧನೆಗೆ ವಿಷಯ ಮಂಡಿಸಿದ ದಿನ ಸಮಿತಿಯ ಹಿರಿಯರೊಬ್ಬರು, ‘ಬಸ್ಸು ಒಂದು ಊರಲ್ಲವಲ್ಲಮ್ಮ, ಒಳ್ಳೆಯದೊಂದು ಊರು ಆರಿಸಿಕೋ’ ಎಂದರು. ಒರಟಾಗಿ ಹೇಳಲಿಲ್ಲ. ಅವರ ಕಾಲದ ಸಮಾಜಶಾಸ್ತ್ರಕ್ಕೆ ಊರೇ ಅಳತೆಗೋಲು. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು, 1970ರಲ್ಲಿ ಸ್ಟಾನ್‌ಫರ್ಡಿನಲ್ಲಿ ಬೆಂಕಿಗೆ ತಮ್ಮ ಟಿಪ್ಪಣಿಗಳು ಸುಟ್ಟುಹೋದ ಮೇಲೆ ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಅದು ನಮ್ಮೆಲ್ಲರ ತಲೆಯಲ್ಲಿ ಕೂತಿತ್ತು. ಅದರಲ್ಲಿನ ವಿವರಗಳ ಮೇಲೆ ನನಗೆ ಈಗಲೂ ಪ್ರೀತಿ. ಆದರೆ ನನಗೆ ದಾರಿ ತೋರಿಸಿದ್ದು ಅದರ ಮೇಲೆ ಬಂದ ಒಂದು ವಿಮರ್ಶೆ. ಮೈಸೂರು ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಪ್ರಾಧ್ಯಾಪಕಿ, ದಲಿತ ಸಮುದಾಯದಿಂದ ಬಂದ ಸಿ. ಪಾರ್ವತಮ್ಮನವರು 1978ರಲ್ಲಿ ಒಂದು ಲೇಖನ ಬರೆದು, ಈ ರಾಂಪುರ ಬ್ರಾಹ್ಮಣ ಕಣ್ಣಿಗೆ ಕಂಡ ರಾಂಪುರ ಎಂದು ವಾದಿಸಿದರು. ಎಲ್ಲರೂ ತಲೆಬಾಗುತ್ತಿದ್ದ ಪುಸ್ತಕದ ಮುಂದೆ ನೆಟ್ಟಗೆ ನಿಂತು ಹಾಗೆ ಹೇಳಲು ಎಂಥ ಎದೆ ಬೇಕಿತ್ತು! ಊರನ್ನು ಯಾವ ಬೀದಿಯಿಂದ ನೋಡುತ್ತೀರಿ ಎಂಬ ಪ್ರಶ್ನೆ ಆಗಲೇ ಕೇಳಲಾಗಿತ್ತು. ಊರಿಂದ ಹೊರಡುವ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ ಎಂದು ನಾನು ಹೇಳಿದೆ. ಸಮಿತಿ ಕೊನೆಗೆ ಒಪ್ಪಿತು.

ಬೆಳಗಿನ ಮೊದಲ ಬಸ್ಸು ಮಂಡ್ಯದ ಕಡೆ ಹೊರಟರೆ ದಾರಿಯುದ್ದಕ್ಕೂ ಪಿಯುಸಿ, ಬಿ.ಎ. ಹುಡುಗಿಯರು ಹತ್ತುತ್ತಿದ್ದರು. ಮುಂದಿನ ಬಾಗಿಲು ಅವರದು, ಹಿಂದಿನ ಫುಟ್‌ಬೋರ್ಡು ಹುಡುಗರದು. ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವುದು, ಕೂತವಳು ನಿಂತವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಳ್ಳುವುದು, ಅಸೈನ್‌ಮೆಂಟನ್ನು ಕುಲುಕಾಟದಲ್ಲೇ ನಕಲು ಮಾಡುವುದು. ಕಂಡಕ್ಟರಿಗೆ ಪ್ರತಿಯೊಬ್ಬಳ ಅಪ್ಪನ ಹೆಸರು ಗೊತ್ತು. ಅದು ರಕ್ಷಣೆಯೂ ಹೌದು, ಕಾವಲೂ ಹೌದು. ಬಸ್ಸು ನಾಲೆ ಸೇತುವೆ ದಾಟಿದ ಕೂಡಲೇ ಎರಡು ಜಡೆಗಳು ಬಿಚ್ಚಿ ಒಂದಾಗುತ್ತಿದ್ದವು, ಬ್ಯಾಗಿನಿಂದ ಪುಟ್ಟ ಕನ್ನಡಿ ಹೊರಬಂದು ಕೈಯಿಂದ ಕೈಗೆ ಹೋಗುತ್ತಿತ್ತು. ಸಂಜೆ ಅದೇ ಸೇತುವೆಯ ಹತ್ತಿರ ಮತ್ತೆ ಎರಡು ಜಡೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಹಿರಿಯ ಹುಡುಗಿಯರು ಮಾಡುತ್ತಿದ್ದರು, ಕಿರಿಯವರು ನೋಡಿ ಕಲಿಯುತ್ತಿದ್ದರು.

ನನ್ನ ಬಳಿ ಪ್ರಶ್ನಾವಳಿ ಇತ್ತು. ಅದರ ಪುಟಗಳು ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಒಬ್ಬಳನ್ನೇ ಕೂರಿಸಿ ಕೇಳಿದರೆ ಪರೀಕ್ಷೆಯಲ್ಲಿ ಬರೆಯುವಂಥ ಉತ್ತರ ಬರುತ್ತಿತ್ತು. ಮೂವರು ಒಂದು ಸೀಟಿನಲ್ಲಿ ಒತ್ತಿ ಕೂತಾಗ ಮಾತು ತಾನಾಗಿ ಹೊರಡುತ್ತಿತ್ತು: ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬಳು ತಿದ್ದುತ್ತಿದ್ದಳು, ಮೂರನೆಯವಳು ನಕ್ಕು ನಿಜ ಹೇಳಿಬಿಡುತ್ತಿದ್ದಳು. ಹಾಗೆ ಕೇಳಿಸಿಕೊಂಡದ್ದನ್ನು ಮಂಡ್ಯ ಬಸ್ ನಿಲ್ದಾಣದಲ್ಲಿ ಇಳಿದು, ಟೀ ತರಿಸಿಕೊಂಡು, ಬೆಂಚಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ.

ಅಲ್ಲಿ ನಾನು ಕಂಡ ಒಂದು ಸಂಗತಿಯನ್ನು ಮುಂದೆ ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆ. ಒಂದೇ ಊರಿನ ಇಬ್ಬರು ಹುಡುಗಿಯರು. ಒಬ್ಬಳು ಗೌಡರ ಮನೆಯವಳು, ಇನ್ನೊಬ್ಬಳು ಕಾಲೊನಿಯವಳು. ಬಸ್ಸು ನಿಲ್ಲುತ್ತಿದ್ದದ್ದು ಮಾರಿಗುಡಿಯ ಮುಂದೆ, ಕಾಲೊನಿ ಇದ್ದದ್ದು ಊರಾಚೆ, ಆದ್ದರಿಂದ ಅವಳು ದಿನಾ ಒಂದಷ್ಟು ದೂರ ನಡೆದು ಬರಬೇಕಿತ್ತು. ಕಾಲೇಜಿನಲ್ಲಿ ಬೇವಿನ ಮರದ ಕೆಳಗೆ ಇಬ್ಬರೂ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು. ಬಸ್ಸಿನಲ್ಲಿ ಒಬ್ಬರ ಬ್ಯಾಗು ಇನ್ನೊಬ್ಬರ ತೊಡೆಯ ಮೇಲಿರುತ್ತಿತ್ತು, ಡಬ್ಬಿ ಮಾತ್ರ ತೆರೆಯುತ್ತಿರಲಿಲ್ಲ, ಏಕೆಂದರೆ ಬಸ್ಸಿನಲ್ಲಿ ಊರ ಹಿರಿಯರಿರುತ್ತಿದ್ದರು. ಊರಲ್ಲಿ ಇಳಿದ ಮೇಲೆ ಇಬ್ಬರೂ ಗುರುತೇ ಇಲ್ಲದವರಂತೆ ಬೇರೆ ಬೇರೆ ದಾರಿ ಹಿಡಿಯುತ್ತಿದ್ದರು. ಯಾಕೆ ಎಂದು ಗೌಡರ ಮನೆಯ ಹುಡುಗಿಯನ್ನು ಕೇಳಿದೆ. ‘ಊರಲ್ ಮಾತಾಡುಸ್ಬೇಡ ಕಣೆ ಅಂದೋಳೇ ಅವ್ಳು ಅಕ್ಕಾ. ಅವ್ರವ್ವ ನಮ್ ಗದ್ದೆಗೇ ಬರೋದು. ನಮ್ಮಪ್ಪ ಅವ್ರ್ ಮೇಲೆ ಕೂಗಾಡ್ತಾನೆ’ ಎಂದಳು.

ಆ ಕಾಲದ ಸಮೀಕ್ಷೆಗಳಲ್ಲಿ ‘ನೀವು ಅಸ್ಪೃಶ್ಯತೆಯನ್ನು ನಂಬುತ್ತೀರಾ? ಹೌದು / ಇಲ್ಲ’ ಎಂಬ ಪ್ರಶ್ನೆ ಇರುತ್ತಿತ್ತು. ಈ ಹುಡುಗಿ ಯಾವುದಕ್ಕೆ ಗುರುತು ಹಾಕಬೇಕು? ಅವಳ ನಂಬಿಕೆ ಮರದ ಕೆಳಗೆ ಒಂದು, ಬಸ್ಸಿನಲ್ಲಿ ಒಂದು, ಮಾರಿಗುಡಿಯ ಮುಂದೆ ಇನ್ನೊಂದು. ಜನ ಇದನ್ನು ಆಷಾಢಭೂತಿತನ ಎನ್ನಬಹುದು. ನಾನು ಹಾಗೆ ತಿಳಿಯಲಿಲ್ಲ. ಹದಿನೇಳು ವರ್ಷದ ಇಬ್ಬರು ಹುಡುಗಿಯರು ತಮ್ಮ ಸ್ನೇಹವನ್ನು ಅದು ಬದುಕಬಲ್ಲ ಜಾಗದಲ್ಲಿ ಬದುಕಿಸಿಕೊಂಡಿದ್ದರು, ಅದಕ್ಕೆ ಏಟು ಬೀಳುವ ಜಾಗದಲ್ಲಿ ಬಚ್ಚಿಡುತ್ತಿದ್ದರು. ಬಚ್ಚಿಡಬೇಕೆಂದು ಮೊದಲು ಹೇಳಿದವಳು ಏಟು ಬೀಳುವ ಕಡೆಯವಳು ಎಂಬುದನ್ನೂ ಗಮನಿಸಬೇಕು. ‘ಅಸ್ಮಿತೆ’ ಎಂದು ನಾವು ದೊಡ್ಡದಾಗಿ ಬರೆಯುವುದನ್ನು ಆ ಇಬ್ಬರು ಅಷ್ಟು ಚಿಕ್ಕ ದಾರಿಯಲ್ಲಿ ದಿನಕ್ಕೆ ಎರಡು ಸಲ ಕಟ್ಟಿ ಬಿಚ್ಚುತ್ತಿದ್ದರು.

ಪ್ರಬಂಧ ಮುಗಿದು ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಈ ಬಸ್ಸುಗಳ ಜೊತೆಗೆ ಬೇರೆ ಗಾಡಿಗಳು ಓಡತೊಡಗಿದ್ದವು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಹಳ್ಳಿಯ ಹುಡುಗಿಯರು ಹೋಗತೊಡಗಿದರು. ಮುಂದೆ ಕಾರ್ಖಾನೆಗಳೇ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆಗೆ ಬಂದವು. ಪಿಯುಸಿ ಫೇಲಾದವರು, ಪಾಸಾದರೂ ಮುಂದೆ ಓದಿಸದವರು ಲೈನಿನಲ್ಲಿ ಕೂತು ಕಾಲರು, ತೋಳು, ಜೇಬು ಹೊಲಿಯುತ್ತಿದ್ದರು. ಗಂಟೆಗಿಷ್ಟು ಎಂದು ಟಾರ್ಗೆಟ್. ಕೆಲಸ ಕಷ್ಟದ್ದು, ಸೂಪರ್‌ವೈಸರುಗಳ ಬೈಗುಳ ಕೇಳಲಾಗದ್ದು. ಅದನ್ನು ಚೆಂದ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಆದರೂ ಕಾರ್ಖಾನೆಯ ಗೇಟಿನ ಹೊರಗೆ, ಸಂಬಳದ ದಿನ, ಕಡ್ಲೆಕಾಯಿ ಕೊಂಡು ತಿನ್ನುತ್ತ ಗುಂಪಾಗಿ ನಿಂತ ಹುಡುಗಿಯರನ್ನು ಮೊದಲ ಸಲ ಕಂಡಾಗ ನಾನೂ ಅಲ್ಲೇ ನಿಂತುಬಿಟ್ಟೆ. ಯಾರಿಗಾಗಿ ಕಾಯುತ್ತಿದ್ದೀಯ ಎಂದು ಅವರನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

2016ನೆಯ ಇಸವಿಯ ಬಗ್ಗೆ ಹೇಳಲೇಬೇಕು. ಆ ವರ್ಷ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಐದಾರು ವರ್ಷ ದುಡಿದು ಮದುವೆಯಾಗಿ ಬಿಡುವ ಹುಡುಗಿಗೆ ಪಿ.ಎಫ್. ಎಂದರೆ ಮುಪ್ಪಿನ ಕಾಲದ ದುಡ್ಡಲ್ಲ. ಅದು ಮದುವೆಯ ಖರ್ಚು, ತಂಗಿಯ ಕಾಲೇಜು ಫೀಸು, ಇಲ್ಲವೆ ಮನೆಗೆ ಹಾಕಿಸುವ ಶೀಟು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ ಹೆಣ್ಣುಮಕ್ಕಳು ಬೀದಿಗಿಳಿದರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಹೊತ್ತಿಕೊಂಡಿತು. ಹೆದ್ದಾರಿ ಬಂದ್, ಸಂಜಯ ವೃತ್ತದಲ್ಲಿ ಧರಣಿ, ನಾಲೆಗಿಳಿದ ಹುಡುಗರು. ಆ ಸಂಕಟವೂ ನಿಜವಾದದ್ದೇ. ಹಿಂದಿನ ವರ್ಷವಷ್ಟೇ ಕಬ್ಬಿನ ಬಾಕಿ, ಸಾಲ ಎಂದು ಜಿಲ್ಲೆಯಲ್ಲಿ ಎಷ್ಟೋ ರೈತರು ಜೀವ ಕಳೆದುಕೊಂಡಿದ್ದರು. ಆದರೆ ಆ ವರ್ಷ ಯುವಜನರ ಬಗ್ಗೆ ಮಾತಾಡಲು ನನ್ನನ್ನು ಕರೆದಲ್ಲೆಲ್ಲ ಕೇಳಿದ್ದು ಸೆಪ್ಟೆಂಬರಿನ ಬಗ್ಗೆ. ಏಪ್ರಿಲಿನವರು ಅದೇ ವಯಸ್ಸಿನವರು, ಅವರಲ್ಲಿ ಎಷ್ಟೋ ಮಂದಿ ಇದೇ ಕಡೆಯಿಂದ ಹೋದವರು. ಅವರನ್ನು ಮಹಿಳಾ ಕಾರ್ಮಿಕರ ಸಾಲಿಗೆ ಸೇರಿಸಿ ಮರೆಯಲಾಗಿತ್ತು. ನಾನು ಹೋದಲ್ಲೆಲ್ಲ ಏಪ್ರಿಲಿನಿಂದಲೇ ಮಾತು ಶುರು ಮಾಡಿದೆ.

ಮಂಡ್ಯ ಎಂಬ ಹೆಸರಿಗೇ ಗಂಡಿನ ಮೀಸೆ ಅಂಟಿಕೊಂಡಿದೆ. ‘ಮಂಡ್ಯದ ಗಂಡು’ ಚಿತ್ರ ಬಂದದ್ದು 1994ರಲ್ಲಿ. 2018ರ ನವೆಂಬರಿನಲ್ಲಿ ಅದರ ನಾಯಕನಟ ಅಂಬರೀಷ್ ತೀರಿಕೊಂಡಾಗ ಮಂಡ್ಯಕ್ಕೆ ತಂದ ಪಾರ್ಥಿವ ಶರೀರದ ದರ್ಶನಕ್ಕೆ ಸೇರಿದ ಹುಡುಗರ ಅಳು ನೋಡಿದವರಿಗೆ ಗೊತ್ತು, ಆ ಬಿರುದು ಅವರಿಗೆ ಬರೀ ಸಿನಿಮಾದ್ದಾಗಿರಲಿಲ್ಲ. ನೆಲದ ಮೇಲೆ ಹಕ್ಕುಳ್ಳ ಒಬ್ಬ ದಿಟ್ಟ ಮನುಷ್ಯನ ರೂಪ ಅದು, ತಾವೂ ಹಾಗಾಗಬೇಕು ಎಂದುಕೊಂಡು ಬೆಳೆದವರು ಅವರು. ಅದೇ 1994ರಲ್ಲಿ ಇನ್ನೊಂದು ಸಂಗತಿ ನಡೆಯಿತು, ಅದಕ್ಕೆ ಯಾರೂ ಶಿಳ್ಳೆ ಹೊಡೆಯಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಜಾರಿಗೆ ಬಂದು, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಪಾಲು ಕೊಟ್ಟಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಕಾಗದದ ಮೇಲೆ ವಂಗಲಕ್ಕೂ ದಲೇನಕ್ಕೂ ಒಂದೇ ನಾಲೆ ಹರಿಯಿತು. ನಡೆದದ್ದು ಬೇರೆ. ಪಾಲಾಗುವ ಹೊತ್ತಿಗೆ ಅಕ್ಕತಂಗಿಯರನ್ನು ಕರೆಸಿ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಮನೆಮನೆಯ ವಾಡಿಕೆಯಾಯಿತು. ಹಾಕದಿದ್ದರೆ ತವರು ಮುಚ್ಚಿತೆಂದು ಅರ್ಥ.

2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಿತು. ಮೂವತ್ತು ದಾಟಿದರೂ ಹೆಣ್ಣು ಸಿಗದ ರೈತರ ಮಕ್ಕಳು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ನಡೆದು ಮಾದಪ್ಪನಲ್ಲಿ ಹರಕೆ ಹೊತ್ತರು. ಟಿ.ವಿ.ಯವರು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗರಲ್ಲಿ ಕೆಲವರ ಜೊತೆ ಆಮೇಲೆ ಕೂತು ಮಾತಾಡಿದೆ. ‘ಎರಡೆಕ್ರೆ ನೀರಾವ್ರಿ ಅದೆ, ಎಂಟ್ ಹಸ ಕಟ್ಟಿವ್ನಿ, ಸಾಲಾನೂ ಇಲ್ಲ ಮೇಡಂ. ಬೆಂಗ್ಳೂರಲ್ಲಿ ಹದಿನೈದ್ ಸಾವ್ರಕ್ಕೆ ಡೆಲಿವರಿ ಓಡ್ಸೋನ್ಗೆ ಕೊಡ್ತಾರೆ, ನಂಗ್ ಕೊಡಲ್ಲ’ ಎಂದ ಒಬ್ಬ. ಅವನ ನೋವು ಕಣ್ಣೆದುರೇ ಇತ್ತು. ನಿನ್ನ ಅಕ್ಕತಂಗಿಯರು ಎಲ್ಲಿದ್ದಾರೆ ಎಂದು ಕೇಳಿದೆ. ಇಬ್ಬರೂ ಬೆಂಗಳೂರಿನಲ್ಲಿ. ಒಬ್ಬಳು ಗಾರ್ಮೆಂಟಿನಲ್ಲಿ, ಇನ್ನೊಬ್ಬಳು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ. ಅವರನ್ನು ರೈತನಿಗೆ ಕೊಡಲು ಇವನೂ ಒಪ್ಪಿರಲಿಲ್ಲ.

ಹೆಣ್ಣುಗಳೇ ಕಡಿಮೆ ಎಂಬುದೂ ಸುಳ್ಳಲ್ಲ. ಅದೇ ವರ್ಷದ ಕೊನೆಗೆ ಮಂಡ್ಯದ ಹತ್ತಿರ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಬೆಲ್ಲದ ಪಾಕ ಕುದಿಯಬೇಕಾದ ಜಾಗದಲ್ಲಿ ಅದು ನಡೆಯಿತು ಎಂಬುದನ್ನು ಕೇಳಿ ನಾನು ಆ ದಿನ ಏನೂ ಓದಲಾಗದೆ, ಬರೆಯಲಾಗದೆ ಕೂತೆ. ಆದರೆ ಹುಟ್ಟಿ ಬೆಳೆದ ಹುಡುಗಿಯರು ಯಾಕೆ ಒಲ್ಲೆ ಎನ್ನುತ್ತಾರೆ ಎಂಬುದಕ್ಕೆ ಇದಿಷ್ಟೇ ಉತ್ತರವಲ್ಲ. ಪಾಂಡವಪುರದ ಕಡೆಯಿಂದ ಬಂದು ಬೆಂಗಳೂರಿನ ಪಿ.ಜಿ.ಯಲ್ಲಿದ್ದ ಹುಡುಗಿಯೊಬ್ಬಳು ನನಗೆ ಹೇಳಿದ್ದು ಹೀಗೆ: ‘ಜಮೀನು ಅವ್ರಪ್ಪನ ಹೆಸರಲ್ಲಿ, ಮನೆ ಅತ್ತೆ ಹೆಸರಲ್ಲಿ, ಹಾಲಿನ ದುಡ್ಡು ಅವ್ರ ಅಕೌಂಟಿಗೆ. ಸಗಣಿ ಬಾಚೋದು ನಾನು. ನಂಗೇನ್ ಸಿಗುತ್ತೆ ಮೇಡಂ ಅಲ್ಲಿ?’ ಅವಳಿಗೆ ಹಳ್ಳಿ ಬೇಡವಾಗಿರಲಿಲ್ಲ. ಹಬ್ಬಕ್ಕೆ ತಪ್ಪದೆ ಹೋಗುತ್ತಾಳೆ, ಊರ ಜಾತ್ರೆಯ ವಿಡಿಯೊ ಸ್ಟೇಟಸ್ಸಿಗೆ ಹಾಕುತ್ತಾಳೆ, ತಾನು ಮಂಡ್ಯದವಳೆಂದು ಎದೆಯುಬ್ಬಿಸಿ ಹೇಳುತ್ತಾಳೆ. ಆಳಾಗಿ ಇರಲು ಮಾತ್ರ ಒಲ್ಲಳು.

ಯುವಜನರು ಊರು ಬಿಡುತ್ತಿದ್ದಾರೆ, ಅವರಿಗೆ ನೆಲದ ಮೇಲೆ ಪ್ರೀತಿ ಇಲ್ಲ ಎಂದು ವೇದಿಕೆಗಳಲ್ಲಿ ಹೇಳುವವರಿಗೆ ನಾನು ಈ ಹುಡುಗಿಯ ಮಾತನ್ನೇ ಒಪ್ಪಿಸುತ್ತೇನೆ. ಪ್ರೀತಿಯ ಮಾತು ಆಮೇಲೆ. ಪಹಣಿಯಲ್ಲಿ ಯಾರ ಹೆಸರಿದೆ, ಅದನ್ನು ಮೊದಲು ನೋಡೋಣ.

ನನ್ನ ಬಳಿ ಪಿಎಚ್.ಡಿ. ಮಾಡಿದ ಒಬ್ಬಳು ಈಗ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಬಿಡುವಾದಾಗ ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಪತ್ರ ಬರಹಗಾರರ ಪಕ್ಕದ ಬೆಂಚಿನಲ್ಲಿ ಕೂರುತ್ತಾಳೆ. ಸಹಿ ಹಾಕಲೆಂದು ಬೆಂಗಳೂರಿನಿಂದ ಬರುವ ಅಕ್ಕತಂಗಿಯರನ್ನು ಮಾತಾಡಿಸುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಒಬ್ಬೊಬ್ಬರೇ ಬಂದು ಹೋಗುವವರು ಹೆಚ್ಚಿದ್ದಾರೆ ಎನ್ನುತ್ತಾಳೆ. ಬಹಳ ಮಂದಿ ಸಹಿ ಹಾಕಿ, ಅಣ್ಣ ಕೊಡಿಸಿದ ಊಟ ಮಾಡಿ ಹೋಗುತ್ತಾರೆ. ಕೆಲವರು ‘ಇನ್ನೊಂದ್ ಸಲ ಬತ್ತೀನಿ ಅಣ್ಣಾ, ಯೋಚ್ನೆ ಮಾಡ್ಬೇಕು’ ಎಂದು ಪೆನ್ನು ಕೆಳಗಿಟ್ಟು ಎದ್ದು ಹೋಗುತ್ತಾರಂತೆ. ಯಾರು ಹಾಗೆ ಏಳುತ್ತಾರೆ, ಏಳುವ ಬಲ ಅವರಿಗೆ ಎಲ್ಲಿಂದ ಬಂತು ಎಂಬುದು ಅವಳ ಪ್ರಶ್ನೆ. ಸ್ವಂತ ಹೆಸರಲ್ಲಿ ಬಾಡಿಗೆ ಕರಾರೋ ಪಿ.ಎಫ್. ಖಾತೆಯೋ ಇರುವವರು ಅವರಲ್ಲಿ ಹೆಚ್ಚಿರಬಹುದು ಎಂಬುದು ಅವಳ ಊಹೆ. ಕಳೆದ ಸಲ ಬಂದಾಗ ಹೇಳಿದೆ: ಆ ಹೆಣ್ಣುಮಕ್ಕಳ ಜೊತೆಗೆ ಅಣ್ಣಂದಿರನ್ನೂ ಕೇಳು, ಅದರಲ್ಲೂ ಮಾದಪ್ಪನ ಬೆಟ್ಟಕ್ಕೆ ನಡೆದು ಹೋದವರನ್ನು ಹುಡುಕಿ ಕೇಳು. ತಂಗಿಯ ಪಾಲು ತಂಗಿಗೆ ಬಿಟ್ಟವನ ಮನೆಗೆ ಹೆಣ್ಣು ಬರುವುದು ಸುಲಭವಾಗಿದೆಯೋ ಇಲ್ಲವೋ ಎಂಬುದನ್ನು ಇನ್ನೂ ಯಾರೂ ಕೂತು ನೋಡಿಲ್ಲ.